ನಾಲ್ಕೂವರೆಯ ನಮೂದು

4 ಜೂನ್ 2007, ಸೋಮವಾರ. 19.40 ಗಂಟೆ

ಆಸ್ಪತ್ರೆಯವರು ಲಖನೌದ ರಾಜ್ಯ ಗ್ರಾಹಕ ಆಯೋಗಕ್ಕೆ ಮೇಲ್ಮನವಿ ಹಾಕಿದ್ದಾರೆ! ರಿಜಿಸ್ಟರ್ಡ್ ಲಕೋಟೆ 11.15ಕ್ಕೆ ಬಂತು. ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ. ಸಿಟ್ಟು ಬರಲಿಲ್ಲ, ಖುಷಿಯಾಯಿತು. ನವೆಂಬರಿನಲ್ಲಿ ಜಿಲ್ಲಾ ಗ್ರಾಹಕ ವೇದಿಕೆಯಲ್ಲಿ ಗೆದ್ದ ಮೇಲೆ ಏಳು ತಿಂಗಳು ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತೋಚದೆ ಬನಾರಸಿನ ಈ ಜಂಗಮವಾಡಿಯ ಗಲ್ಲಿಗಳಲ್ಲಿ ಸುತ್ತಿದ್ದೇನೆ, ತರಕಾರಿಯವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದಿದ್ದೇನೆ. ಇವತ್ತು ಮತ್ತೆ ಕೈಗೆ ಕೆಲಸ ಬಂತು. ಮಧ್ಯಾಹ್ನ ಎರಡು ರೊಟ್ಟಿ ಜಾಸ್ತಿ ತಿಂದೆ.

ಹೊಸ ಪುಸ್ತಕವಾದ್ದರಿಂದ, ಡ್ಯೂಟಿಗೆ ಬಂದವನು ಚಾರ್ಜ್ ವಹಿಸಿಕೊಳ್ಳುವಾಗ ಬರೆಯುವಂತೆ, ಮೊದಲಿನಿಂದ ನಮೂದಿಸುತ್ತೇನೆ. ರೋಗಿ: ವಿಜಯಾ, 53 ವರ್ಷ, ನನ್ನ ಹೆಂಡತಿ. 11 ಮಾರ್ಚ್ 2004ರಂದು ಸಿಗ್ರಾ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್. 11.40ಕ್ಕೆ ವಾರ್ಡಿಗೆ ತಂದರು. 12.00ಕ್ಕೆ ಸರ್ಜನ್ ಇನ್ನೊಂದು ಆಸ್ಪತ್ರೆಗೆ ಹೊರಟುಹೋದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು, ಯಾರೂ ನೋಡಲಿಲ್ಲ. ನರ್ಸುಗಳು ಬಿ.ಪಿ. ಹಿಡಿಯಲಿಲ್ಲ. 17.25ಕ್ಕೆ ಡಾಕ್ಟರು ಬಂದರು. 18.40ಕ್ಕೆ ರೋಗಿ ತೀರಿಕೊಂಡರು.

ಆ ದಿನ ಪೂರ್ತಿ ನಾನು ಜೇಬುಪುಸ್ತಕದಲ್ಲಿ ಗಂಟೆ, ನಿಮಿಷ ಹಾಕಿ ಬರೆಯುತ್ತಿದ್ದೆ. ಮೂವತ್ತನಾಲ್ಕು ವರ್ಷ ಸ್ಟೇಷನ್ ಮಾಸ್ತರನಾಗಿದ್ದವನ ಕೈ ಸುಮ್ಮನಿರುವುದಿಲ್ಲ. ಯಾವ ಗಾಡಿ ಯಾವಾಗ ಬಂತು, ಯಾವಾಗ ಬಿಟ್ಟಿತು ಎಂದು ಬರೆಯುವ ರಿಜಿಸ್ಟರಿನಲ್ಲಿ ಒಂದು ಸಾಲೂ ಖಾಲಿ ಬಿಡುವಂತಿಲ್ಲ ಎಂದು ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಕಲಿಸಿದವರು ಹೇಳಿದ್ದರು. ಆ ಜೇಬುಪುಸ್ತಕವೇ ಜಿಲ್ಲಾ ವೇದಿಕೆಯಲ್ಲಿ ನಮ್ಮನ್ನು ಗೆಲ್ಲಿಸಿತು. ತೀರ್ಪಿನಲ್ಲಿ ಅದನ್ನು ಮೂರು ಸಲ ಹೊಗಳಿದ್ದಾರೆ, ಎಣಿಸಿದ್ದೇನೆ.

ಗ್ರಾಹಕ ಆಯೋಗದಲ್ಲಿ ವಕೀಲರೇ ಬೇಕೆಂದಿಲ್ಲ, ಅರ್ಜಿದಾರ ತಾನೇ ವಾದಿಸಬಹುದು. ಲಖನೌದಲ್ಲಿ ನಾನೇ ವಾದಿಸುತ್ತೇನೆ. 19.55ಕ್ಕೆ ನಿರ್ಧಾರವಾಯಿತು.

7 ಜೂನ್, ಗುರುವಾರ. 18.10 ಗಂಟೆ

ಕೋರ್ಟು ಕಚೇರಿಗೆ ಹೋಗಿ ನಮ್ಮ ವಕೀಲ ಬದರೀನಾರಾಯಣರನ್ನು ಕಂಡೆ. ಬನಾರಸಿನ ಹಳೆಯ ತಲೆ. ಕಚೇರಿಯ ಆವರಣದ ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಪಾನ್ ಡಬ್ಬಿ. ನಾನೇ ವಾದಿಸುತ್ತೇನೆ ಎಂದಾಗ ಬಾಯಿತುಂಬ ಪಾನ್ ಇದ್ದದ್ದರಿಂದ ನಗಲಾಗದೆ ಒದ್ದಾಡಿದರು. ಆಮೇಲೆ, ತಮಗೆ ಹೇಗೂ ಮಂಡಿನೋವು, ಲಖನೌಗೆ ಬರಲಾರೆ, ಆದರೆ ಗುರುದಕ್ಷಿಣೆಯಾಗಿ ದಿನಾ ಒಂದು ಕಪ್ ಚಹಾ ಕೊಡಿಸಿದರೆ ಪಾಠ ಹೇಳುತ್ತೇನೆ ಎಂದರು. ನನ್ನನ್ನು ಅವರು ಮಾಸ್ಟರ್ ಸಾಹೇಬ್ ಎನ್ನುತ್ತಾರೆ.

ಆಸ್ಪತ್ರೆಯವರು ಎರಡು ತಕರಾರು ಎತ್ತಿದ್ದಾರೆ. ಒಂದು, ಆ ಸರ್ಜನ್ ನಮ್ಮ ನೌಕರರಲ್ಲ, ಹೊರಗಿನಿಂದ ಬಂದು ಆಪರೇಷನ್ ಮಾಡಿ ಹೋಗುವವರು, ಅವರ ತಪ್ಪಿಗೆ ನಾವು ಹೊಣೆಯಲ್ಲ. ಎರಡು, 16.30ರವರೆಗೆ ರೋಗಿ ಚೆನ್ನಾಗಿದ್ದರು, ಆಮೇಲೆ ಆದದ್ದು ಹಠಾತ್ತಾಗಿ ಆದದ್ದು, ನರ್ಸುಗಳು ಏನು ಮಾಡಲೂ ಆಗುತ್ತಿರಲಿಲ್ಲ.

ಮೊದಲನೆಯದೇ ಮುಖ್ಯ. ಎರಡನೆಯದು ಚಿಲ್ಲರೆ, ಆಮೇಲೆ ನೋಡೋಣ.

16 ಜೂನ್, ಶನಿವಾರ. 20.05 ಗಂಟೆ

ಇವತ್ತು ಲಂಕಾ ಬಡಾವಣೆಯಲ್ಲಿ ನಾಲ್ಕು ಪುಸ್ತಕದಂಗಡಿ ಜಾಲಾಡಿದೆ. ಯೂನಿವರ್ಸಿಟಿ ಗೇಟಿನೆದುರು ಬಿಸಿಲೆಂದರೆ ಬಿಸಿಲು, ತಲೆಯ ಮೇಲೆ ಗಮಛಾ ಸುತ್ತಿಕೊಂಡು ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಕೂತೆ. ಗ್ರಾಹಕ ಕಾನೂನಿನ ಪುಸ್ತಕ ಸಿಕ್ಕಿತು. ಹಿಂದಿನ ಹುಡುಗ ಯಾರೋ ಪೂರ್ತಿ ಕೆಂಪು ಗೆರೆ ಎಳೆದು ಓದಿದ್ದಾನೆ, ನನಗೆ ಕೆಲಸ ಉಳಿಯಿತು. ಅರವತ್ತೊಂದನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಕೂರುವವನಂತೆ ಎದೆ ಹೊಡೆದುಕೊಳ್ಳುತ್ತಿದೆ.

ಮೊದಲನೆಯ ತಕರಾರಿಗೆ ಉತ್ತರ ಸೈಕಲ್ ರಿಕ್ಷಾದಲ್ಲಿ ಬರುವಾಗ ಹೊಳೆಯಿತು. ಡ್ರೈವರ್ ಯಾವ ಡಿವಿಜನ್ನಿನವನಾದರೂ ಇರಲಿ, ನನ್ನ ಸ್ಟೇಷನ್ನಿನ ಸರಹದ್ದಿಗೆ ಬಂದರೆ ನಾನು ಲೈನ್ ಕೊಟ್ಟರೆ ಮಾತ್ರ ಅವನು ಮುಂದೆ ಹೋಗುತ್ತಾನೆ. ಪ್ರಯಾಣಿಕ ಟಿಕೆಟ್ ಕೊಳ್ಳುವುದು ಡ್ರೈವರನ ಹತ್ತಿರ ಅಲ್ಲ, ರೈಲ್ವೆ ಹತ್ತಿರ. ಗಾಡಿ ಹಳಿ ತಪ್ಪಿದರೆ ಡ್ರೈವರ್ ಪಕ್ಕದ ಡಿವಿಜನ್ನಿನವನು, ನಮಗೇನೂ ಗೊತ್ತಿಲ್ಲ ಎನ್ನಲು ಬರುತ್ತದೆಯೇ? ರೋಗಿ ಆಸ್ಪತ್ರೆಗೆ ಬಂದರು. ಸರ್ಜನ್ ಯಾರೆಂದು ಆರಿಸಿದ್ದು ಆಸ್ಪತ್ರೆ. ಬಿಲ್ಲು ಕೊಟ್ಟದ್ದು ಆಸ್ಪತ್ರೆ. ನರ್ಸು ಆಸ್ಪತ್ರೆಯವರು. ರಿಕ್ಷಾದವನ ಬೆನ್ನಿಗೇ ಇದನ್ನೆಲ್ಲ ಜೋರಾಗಿ ಹೇಳಿದೆ. ಅವನು ತಿರುಗಿ ನೋಡಿ, ಬಾಬೂಜಿ ಯಾವ ಪಕ್ಷದಿಂದ ನಿಂತಿದ್ದೀರಿ ಎಂದು ಕೇಳಿದ.

ಮಗಳು ಅಮೃತಳಿಗೆ ಹೇಳಿದಾಗ ಚಪ್ಪಾಳೆ ತಟ್ಟಿದಳು. ಲಂಕಾದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳೆ, ತರ್ಕ ಎಂದರೆ ಅವಳಿಗೆ ಪ್ರಾಣ. ನನ್ನ ಕಾಗದಪತ್ರ ಎಲ್ಲ ಟೈಪ್ ಮಾಡುವವಳು ಅವಳೇ. ಆ ಮಾರ್ಚ್ 11ರಂದು ಅವಳು ಪರೀಕ್ಷೆ ಬರೆಯಲು ಅಲಹಾಬಾದಿಗೆ ಹೋಗಿದ್ದಳು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಜೇಬುಪುಸ್ತಕದ ಒಂದು ಝೆರಾಕ್ಸನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾರಾದರೂ ತಾಯಿಯ ವಿಷಯ ಎತ್ತಿದರೆ, ನಾನಿರಲಿಲ್ಲ, ಆದರೆ ಅಪ್ಪ ಒಂದು ನಿಮಿಷವೂ ಬಿಟ್ಟು ಕದಲಲಿಲ್ಲ, ಬರೆದಿಟ್ಟಿದ್ದಾರೆ ಎನ್ನುತ್ತಾಳೆ.

21 ಜೂನ್, ಗುರುವಾರ. 17.30 ಗಂಟೆ

ಮೇಲ್ಮನವಿಯ ಫೈಲು ಪೂರ್ತಿ ಓದಲು ಶುರು ಮಾಡಿದೆ. 47ನೆಯ ಪುಟದವರೆಗೆ ಬಂತು. ಇವತ್ತಿಗೆ ಸಾಕು.

22 ಜೂನ್, ಶುಕ್ರವಾರ. 17.30 ಗಂಟೆ

ವಿಶೇಷವಿಲ್ಲ.

1 ಜುಲೈ, ಭಾನುವಾರ. 13.20 ಗಂಟೆ

ಮಳೆ ಬಿತ್ತು, ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಅಮೃತಳಿಗೆ ರಜೆ. ಇಬ್ಬರೂ ಸೇರಿ ಕೋರ್ಟ್ ಆಟ ಆಡಿದೆವು. ಅವಳು ನನ್ನ ಕರಿ ಕೋಟು ಹಾಕಿಕೊಂಡು ಆಸ್ಪತ್ರೆಯ ವಕೀಲಳಾದಳು. ನಾನು ನಾನೇ. ಎಂಥ ಪ್ರಶ್ನೆಗಳು! ಬೆವರಿಳಿಸಿಬಿಟ್ಟಳು. ಮೊದಲನೆಯ ತಕರಾರಿನಲ್ಲಿ ನಾನೇ ಗೆದ್ದೆ, ಅವಳು ಒಪ್ಪಿದಳು.

ಆಮೇಲೆ ಎರಡನೆಯದಕ್ಕೆ ಬಂದಳು. 47ನೆಯ ಪುಟದಲ್ಲಿ ಆಸ್ಪತ್ರೆಯ ನರ್ಸಿಂಗ್ ಚಾರ್ಟ್ ಇದೆ. ನಾಲ್ಕೂವರೆಗೆ ರೋಗಿಯ ಬಿ.ಪಿ. ಸರಿಯಾಗಿದೆ, ಪತಿ ಪಕ್ಕದಲ್ಲಿದ್ದಾರೆ, ತೊಂದರೆ ಇಲ್ಲವೆನ್ನುತ್ತಾರೆ ಎಂದು ಬರೆದಿದೆ. ನನ್ನ ಜೇಬುಪುಸ್ತಕದಲ್ಲೂ 16.30ಕ್ಕೆ ಆಲ್‌ರೈಟ್ ಎಂದಿದೆ. ಎರಡೂ ಹೊಂದುತ್ತವಲ್ಲ, ಹಾಗಾದರೆ ನರ್ಸುಗಳ ತಪ್ಪೇನು ಎಂದಳು.

"ನಾಲ್ಕೂವರೆಗೆ ನೀವು ಎಲ್ಲಿದ್ರಿ, ಮಾಸ್ಟರ್ ಸಾಹೇಬ್?" ಬದರೀನಾರಾಯಣರ ದನಿ ಅಣಕಿಸಿ ಕೇಳಿದಳು.

"ಅಲ್ಲೇ, ಪಕ್ಕದಾಗ" ಎಂದೆ.

"ಸಾಕು. ಇದರ ಮ್ಯಾಲೆ ಸವಾಲೇ ಇಲ್ಲ" ಎಂದು ಕೋಟು ಬಿಚ್ಚಿ ಚಹಾಕ್ಕೆ ನೀರಿಟ್ಟಳು.

ಒಳ್ಳೆಯ ಅಭ್ಯಾಸವಾಯಿತು.

9 ಜುಲೈ, ಸೋಮವಾರ. 16.00 ಗಂಟೆಯಿಂದ

ಬದರೀನಾರಾಯಣರು ಇವತ್ತು ಚಹಾ ಮುಟ್ಟಲಿಲ್ಲ. ಫೈಲು ಮುಚ್ಚಿ ಹೇಳಿದರು: ಮಾಸ್ಟರ್ ಸಾಹೇಬ್, ಮೊದಲನೆಯದರಲ್ಲಿ ನೀವು ಗೆಲ್ಲುತ್ತೀರಿ. ಎರಡನೆಯದರಲ್ಲಿ ಮುಳುಗುತ್ತೀರಿ. ನಾಲ್ಕೂವರೆಗೆ ಎಲ್ಲ ಸರಿಯಿತ್ತು ಎಂದು ಗಂಡನೇ ಬರೆದಿದ್ದಾನೆ. ಇನ್ನು ನರ್ಸಿನ ಮೇಲೆ ಯಾವ ಬಾಯಲ್ಲಿ ದೂರುತ್ತೀರಿ?

ನಡೆದುಕೊಂಡೇ ಮನೆಗೆ ಬಂದೆ. ಅಮೃತ ಸೆಂಟರಿನಲ್ಲಿದ್ದಾಳೆ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಬರೆಯಬೇಕು.

16.30ಕ್ಕೆ ನಾನು ಆಸ್ಪತ್ರೆಯಲ್ಲಿ ಇರಲಿಲ್ಲ.

ಹಿಂದಿನ ದಿನ ಡ್ಯೂಟಿ ಮುಗಿಸಿ ಬರುವಾಗ ಸ್ಟೇಷನ್ನಿನ ಕಪಾಟಿನ ಕೀಲಿಗೊಂಚಲು ನನ್ನ ಜೇಬಿನಲ್ಲೇ ಉಳಿದುಬಿಟ್ಟಿತ್ತು. 15.40ಕ್ಕೆ ಆಸ್ಪತ್ರೆಯ ಕೌಂಟರಿಗೆ ನನ್ನ ಜೊತೆಯ ಮಾಸ್ತರ ರಾಮಾಶ್ರಯನ ಫೋನು ಬಂತು. ಯಾರನ್ನಾದರೂ ಕಳಿಸುತ್ತೇನೆ, ಕೀಲಿ ಕೊಟ್ಟುಬಿಡಿ ಎಂದ. ಬೇಡ, ನಾನೇ ಬರುತ್ತೇನೆ ಎಂದೆ. ವಿಜಯಾಳಿಗೆ ಜೊಂಪು ಹತ್ತುತ್ತಿತ್ತು. ಸಿಸ್ಟರು ಏನೂ ಇಲ್ಲ ಎಂದಿದ್ದರು. ಬೆಳಗಿನಿಂದ ಆ ವಾರ್ಡಿನ ಫಿನಾಯಿಲ್ ವಾಸನೆಯಲ್ಲಿ ಕೂತು ನನಗೆ ಉಸಿರುಗಟ್ಟಿತ್ತು. ಆಟೋ ಹಿಡಿದು ಹೋದೆ. 16.15ಕ್ಕೆ ಸ್ಟೇಷನ್ ಮುಟ್ಟಿದೆ. ಕೀಲಿ ಕೊಟ್ಟು ತಕ್ಷಣ ತಿರುಗಬಹುದಿತ್ತು. ರಾಮಾಶ್ರಯ ಚಹಾ ತರಿಸಿದ. ಒಂದು ಗಾಡಿ ಬರುವುದಿತ್ತು. ಹಸಿರು ಬಾವುಟ ನನ್ನ ಕೈಗೆ ಕೊಟ್ಟು, ಇವತ್ತು ನಿಮ್ಮ ಕೈಯಿಂದಲೇ ಹೋಗಲಿ ಎಂದ. ನಿಂತೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಾವುಟ ಹಿಡಿದು, ಗಾರ್ಡ್ ಆಲ್‌ರೈಟ್ ತೋರಿಸಿ ಹೋಗುವವರೆಗೆ ನಿಂತೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಸುಖವಾಗಿತ್ತು. ಆಮೇಲೆ ಸ್ಟೇಷನ್ ಡೈರಿಯಲ್ಲಿ ಕೀಲಿ ಒಪ್ಪಿಸಿದ್ದಕ್ಕೆ ಸಹಿ ಹಾಕಿದೆ, 16.30.

16.50ಕ್ಕೆ ವಾಪಸ್ ಬಂದಾಗ ಅವಳ ಮೈ ತಣ್ಣಗೆ ಬೆವೆತಿತ್ತು.

ಎಲ್ಲ ಮುಗಿದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಕೂತು ಜೇಬುಪುಸ್ತಕ ತೆಗೆದೆ. 15.20ರಿಂದ 16.50ರವರೆಗೆ ಖಾಲಿ. ಒಂದೂವರೆ ತಾಸು ಖಾಲಿ ಇರುವ ಪುಟವನ್ನು ನಾನು ಜನ್ಮದಲ್ಲಿ ಯಾರಿಗೂ ತೋರಿಸಿದವನಲ್ಲ. ನಡುವೆ ಒಂದು ಸಾಲು ಬರೆದೆ. 16.30, ಆಲ್‌ರೈಟ್. ಆಮೇಲೆ ಅದೇ ಕೋರ್ಟಿಗೆ ಹೋಯಿತು, ಅದರ ಮೇಲೆ ಪ್ರಮಾಣ ಮಾಡಿದೆ, ಅಮೃತಳ ಕಪಾಟಿಗೂ ಹೋಯಿತು.

ಇಷ್ಟು ಬರೆದು ಎದ್ದು ನೀರು ಕುಡಿದು ಬಂದೆ. ನೀರು ಕುಡಿಯುವಾಗ ಹೊಳೆಯಿತು. ನಾನು ಅಲ್ಲಿರಲಿಲ್ಲ. ಹಾಗಾದರೆ ನಾಲ್ಕೂವರೆಗೆ 'ಪತಿ ಪಕ್ಕದಲ್ಲಿದ್ದಾರೆ' ಎಂದು ನರ್ಸು ಬರೆದದ್ದು ಯಾರನ್ನು ನೋಡಿ? ನಮ್ಮ ದೂರಿನ ಜೊತೆ ಜೇಬುಪುಸ್ತಕದ ಪ್ರತಿ ಅವರಿಗೆ ಸಿಕ್ಕಿದ್ದು ಜೂನ್ 2004. ಅವರು ಚಾರ್ಟ್ ಹಾಜರುಪಡಿಸಿದ್ದು ಆಗಸ್ಟ್ 2004. ಅವರು ಆ ಸಾಲನ್ನು ರೋಗಿಯನ್ನು ನೋಡಿ ಬರೆದಿಲ್ಲ, ನನ್ನ ಪುಸ್ತಕ ನೋಡಿ ಬರೆದಿದ್ದಾರೆ! ನನ್ನ ಸುಳ್ಳನ್ನು ಕಾಪಿ ಹೊಡೆದು ಸಿಕ್ಕಿಬಿದ್ದಿದ್ದಾರೆ! ಅವರ ಚಾರ್ಟ್ ಆಮೇಲೆ ಕೂತು ತುಂಬಿದ್ದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಮನೆಯಲ್ಲಿ ಒಬ್ಬನೇ ಅಡ್ಡಾಡಿದೆ. ನಗು ಬಂತು, ಆಮೇಲೆ ನಿಂತುಹೋಯಿತು. ಇದನ್ನು ಸಾಬೀತು ಮಾಡಬೇಕಾದರೆ ನಾನು ಎಲ್ಲಿದ್ದೆ ಎಂದು ಹೇಳಬೇಕು. ಹೇಳುವುದನ್ನು ಟೈಪ್ ಮಾಡುವವಳು ಅಮೃತ.

10 ಜುಲೈ, ಮಂಗಳವಾರ. 17.45

ಬದರೀನಾರಾಯಣರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ. ಪಾನ್ ಉಗುಳಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಕಷ್ಟಗಳನ್ನು ಹೇಳಿದರು. ಸುಳ್ಳು ನಮೂದಿನ ಮೇಲೆ ಪ್ರಮಾಣ ಮಾಡಿದ್ದಕ್ಕೆ ಆಯೋಗ ನನ್ನ ಮೇಲೆ ತಿರುಗಬಹುದು. ಜೇಬುಪುಸ್ತಕ ಪೂರ್ತಿ ಕಸದ ಬುಟ್ಟಿಗೆ ಹೋಗಬಹುದು. ಮೇಲ್ಮನವಿಯ ಹಂತದಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳದೆಯೂ ಇರಬಹುದು. ಬರಿ ಬಾಯಿಮಾತು ನಡೆಯುವುದಿಲ್ಲ, ಸ್ಟೇಷನ್ ಡೈರಿಯ ಪ್ರತಿ ಬೇಕೇ ಬೇಕು.

ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕಂತೆ. ನನ್ನ ಸಹಿಯ ಪ್ರತಿಗಾಗಿ ನಾನೇ ರೈಲ್ವೆಗೆ ಅರ್ಜಿ! ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ ಮಧ್ಯಾಹ್ನವೇ ಡಿವಿಜನ್ ಆಫೀಸಿಗೆ ಕೊಟ್ಟೆ. ಗುಮಾಸ್ತ ನನ್ನನ್ನು ಗುರುತಿಸಿ, ರಿಟೈರಾದ ಮೇಲೂ ಬಿಡುವುದಿಲ್ಲವಾ ಎಂದು ಕೇಳಿದ. ಮೂರು ವರ್ಷದ ಹಿಂದಿನ ಡೈರಿ ಇಲಿ ತಿನ್ನದೆ ಉಳಿದಿರಬೇಕಷ್ಟೇ.

ಅಮೃತಳಿಗೆ ಡೈರಿ ಸಿಕ್ಕ ಮೇಲೆ ಹೇಳಿದರಾಯಿತು. ಸಿಗದಿದ್ದರೆ ಹೇಳುವ ಪ್ರಶ್ನೆಯೇ ಇಲ್ಲ.

11 ಆಗಸ್ಟ್, ಶನಿವಾರ

ಸಿಕ್ಕಿತು! ಮೂವತ್ತೆರಡನೆಯ ದಿನ ಲಕೋಟೆ ಬಂತು. ನೀಲಿ ಸೀಲು, ದೃಢೀಕರಿಸಿದ ಪ್ರತಿ. 'ಕೀಲಿಗೊಂಚಲು ಒಪ್ಪಿಸಿದೆ, 16.30, ಚನ್ನಬಸಪ್ಪ.' ಕೆಳಗೆ ರಾಮಾಶ್ರಯನ ಸಹಿ. ನನ್ನ ಅಕ್ಷರ ಎಷ್ಟು ದುಂಡಗಿದೆ! ಮೆಟ್ಟಿಲು ಎರಡೆರಡು ಇಳಿದು ಕಚೇರಿಗೆ ಓಡಿದೆ. ಬದರೀನಾರಾಯಣರು ಬೇವಿನ ಮರದ ಕೆಳಗಿದ್ದವರಿಗೆಲ್ಲ ಚಹಾ ತರಿಸಿದರು, ನನ್ನ ಲೆಕ್ಕದಲ್ಲಿ.

ಅಫಿಡವಿಟ್ ಕನ್ನಡದಲ್ಲಿ ಬರೆದಿಟ್ಟೆ, ಒಂದೇ ಏಟಿಗೆ. ಅಮೃತ ಇಂಗ್ಲಿಷ್ ಮಾಡಿ ಟೈಪ್ ಮಾಡಬೇಕು. ನಾಳೆ ಕೊಡುತ್ತೇನೆ.

16 ಆಗಸ್ಟ್, ಗುರುವಾರ

ನಾಳೆ ಕೊಡುತ್ತೇನೆ. ಇವತ್ತು ಅವಳಿಗೆ ತಲೆನೋವು.

19 ಆಗಸ್ಟ್, ಭಾನುವಾರ

ಬೇರೆ ಟೈಪಿಸ್ಟ್ ಹತ್ತಿರ ಮಾಡಿಸಿದರಾಯಿತು, ಲಖನೌಗೂ ಒಬ್ಬನೇ ಹೋದರಾಯಿತು ಎಂದು ಮೂರು ದಿನ ಯೋಚಿಸಿದೆ. ನಿನ್ನೆ ಕಚೇರಿಯ ಟೈಪಿಸ್ಟನ ಮುಂದೆ ಹೋಗಿ ಕೂತೂ ಬಂದೆ. ಅವನು ಕೈ ಚಾಚಿದಾಗ ಕಾಗದ ಕೊಡಲಾಗಲಿಲ್ಲ. ಎದ್ದು ಬಂದೆ. ಅವನು ಅಪರಿಚಿತ, ವಿಜಯಾಳ ವಿಷಯ ಅವನಿಗೇಕೆ ಮೊದಲು ಗೊತ್ತಾಗಬೇಕು?

ಇವತ್ತು ಬೆಳಿಗ್ಗೆ ಅಮೃತಳ ಮೇಜಿನ ಮೇಲೆ ಕಾಗದವಿಟ್ಟು, ಓದವ್ವ, ಸಿಟ್ಟು ಬಂದರ ಬೈ ಎಂದು ಹೇಳಿ ಹೊರಗೆ ಹೋದೆ. ಕೇದಾರ ಘಾಟಿನವರೆಗೆ ನಡೆದು, ಅಲ್ಲಿಂದ ಹರಿಶ್ಚಂದ್ರ ಘಾಟಿನವರೆಗೆ ಹೋಗಿ, ಚಿತೆಗಳ ಹೊಗೆ ಕಣ್ಣಿಗೆ ಹೊಡೆದು ವಾಪಸ್ ತಿರುಗಿದೆ. ವಿಜಯಾ ಈ ಘಾಟಿನ ಹೊಗೆಯನ್ನು ಕಂಡರೆ ಮೂಗಿಗೆ ಸೆರಗು ಮುಚ್ಚಿಕೊಂಡು, ನಮ್ಮ ಕಡೆ ಮಣ್ಣು ಮಾಡುವುದೇ ಚಲೋ, ತಣ್ಣಗೆ ಮಲಗಬಹುದು ಎನ್ನುತ್ತಿದ್ದಳು. ಹಾಗೇ ಮಾಡಿದೆವು, ಜಂಗಮವಾಡಿ ಮಠದವರು ತೋರಿಸಿದ ಜಾಗದಲ್ಲಿ.

ಬಂದಾಗ ಟೈಪ್ ಆಗಿತ್ತು. ಮೂರು ಪ್ರತಿ, ಒಂದೂ ತಪ್ಪಿಲ್ಲ. ಅಮೃತ ಅಡುಗೆಮನೆಯಲ್ಲಿದ್ದಳು. ಬಾಗಿಲಲ್ಲಿ ನಿಂತೆ. ಹಿಂದಿರುಗಿ ನೋಡದೆಯೇ ಹೇಳಿದಳು:

"ಆಪ್ ಖಾನಾ ಖಾ ಲೀಜಿಯೇ."

ನಮ್ಮ ಮನೆಯೊಳಗೆ ಅವಳು ನನ್ನ ಜೊತೆ ಹಿಂದಿ ಮಾತಾಡಿದ್ದು ಇದೇ ಮೊದಲು. ಊಟ ಮಾಡಿ ಎಂದಳಷ್ಟೇ. ಮನೆಗೆ ಬಂದ ಅಪರಿಚಿತರಿಗೆ ಹೇಳುವ ಹಾಗೆ ಹೇಳಿದಳು.

23 ಆಗಸ್ಟ್

ಇನ್ನೂ ಹಿಂದಿಯೇ. ತೊಂದರೆಯಿಲ್ಲ, ಲಖನೌದ ವಾದಕ್ಕೆ ನನಗೂ ಅಭ್ಯಾಸವಾಗುತ್ತಿದೆ ಎಂದು ತಮಾಷೆ ಮಾಡಿದೆ. ನಗಲಿಲ್ಲ. ಕಪಾಟಿನಲ್ಲಿದ್ದ ಝೆರಾಕ್ಸ್ ಕಾಣುತ್ತಿಲ್ಲ.

ಇವತ್ತು ಊಟ ಸೇರಲಿಲ್ಲ. ವಿಜಯಾ ಇದ್ದಿದ್ದರೆ ಇಬ್ಬರಿಗೂ ಸೇರಿಸಿ ಬೈದು, ಇಬ್ಬರನ್ನೂ ಒಂದೇ ತಾಟಿಗೆ ಕೂರಿಸುತ್ತಿದ್ದಳು.

17 ಸೆಪ್ಟೆಂಬರ್

ನಾಳೆ ವಿಚಾರಣೆ. ಕೋಟಿಗೆ ಇಸ್ತ್ರಿ ಮಾಡಿಸಿದೆ. ವಾದವನ್ನು ಕನ್ನಡಿಯೆದುರು ಹನ್ನೊಂದು ಸಲ ಹೇಳಿದೆ, ಹನ್ನೆರಡನೆಯ ಸಲಕ್ಕೆ ಕೆಳಗಿನ ಮನೆಯವರು ಆರೋಗ್ಯ ಹೇಗಿದೆ ಎಂದು ಕೇಳಲು ಬಂದರು. ಒಬ್ಬನೇ ಹೋಗುವುದೆಂದು ಒಂದೇ ಊಟದ ಡಬ್ಬಿ ತೊಳೆದಿಟ್ಟಿದ್ದೆ. ಸಂಜೆ ಅಮೃತ ಸೆಂಟರಿನಿಂದ ಬಂದು ಇನ್ನೊಂದು ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟಳು.

18 ಸೆಪ್ಟೆಂಬರ್, ಲಖನೌ, ವೇಟಿಂಗ್ ರೂಮಿನಲ್ಲಿ

ಎಂಥ ದಿನ! ಪೆನ್ನು ಓಡುವಷ್ಟು ವೇಗದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸರದಿ ಹದಿನೇಳನೆಯದು. ಜವಾನ ನನ್ನ ಹೆಸರನ್ನು ಚನ್ನಾ, ಬಸಪ್ಪಾ ಎಂದು ಎರಡು ತುಂಡು ಮಾಡಿ ಕೂಗಿದ, ಎರಡು ಜನ ಬರುತ್ತಾರೆಂದು ಕಾದ. ಪೀಠದಲ್ಲಿ ಅಧ್ಯಕ್ಷರು, ಇಬ್ಬರು ಸದಸ್ಯರು. ಆಸ್ಪತ್ರೆಯ ವಕೀಲ ಚಿಕ್ಕ ವಯಸ್ಸಿನವನು, ಮಾತು ಬೆಣ್ಣೆ. ಸರ್ಜನ್ ನಮ್ಮವರಲ್ಲ ಎಂಬ ಹಾಡನ್ನು ಹಾಡಿದ. ನನ್ನ ಸರದಿ ಬಂದಾಗ ಡ್ರೈವರ್, ಡಿವಿಜನ್, ಲೈನು, ಟಿಕೆಟು ಎಲ್ಲ ಹೇಳಿದೆ. ಅಧ್ಯಕ್ಷರು ಪೂರ್ತಿ ಕೇಳಿ, ಕನ್ನಡಕ ತೆಗೆದು, ರೈಲ್ವೆ ಇಷ್ಟು ಜವಾಬ್ದಾರಿಯಿಂದ ಓಡುತ್ತದೆಂದು ತಮಗೆ ಗೊತ್ತಿರಲಿಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ವಾದ ಹಳಿ ಹತ್ತಿತೆಂದು ಗೊತ್ತಾಯಿತು!

ಆಮೇಲೆ ಆ ವಕೀಲ ಎದ್ದು ನನ್ನ ಹೊಸ ಅಫಿಡವಿಟ್ ಎತ್ತಿ ಹಿಡಿದ. ಈ ಮನುಷ್ಯ ತಾನು ಸುಳ್ಳುಗಾರ ಎಂದು ತಾನೇ ಬರೆದುಕೊಟ್ಟಿದ್ದಾನೆ, ಹೆಂಡತಿ ಸಾಯುವಾಗ ರೈಲು ನೋಡುತ್ತ ನಿಂತಿದ್ದವನು, ಇವನ ಯಾವ ಮಾತನ್ನು ನಂಬುತ್ತೀರಿ ಎಂದ. ಅಮೃತ ನನ್ನ ಹಿಂದಿನ ಬೆಂಚಿನಲ್ಲಿದ್ದಳು. ನಾನು ತಿರುಗಿ ನೋಡಲಿಲ್ಲ. ಅಧ್ಯಕ್ಷರು ಇದಕ್ಕೇನು ಹೇಳುತ್ತೀರಿ ಎಂದು ನನ್ನನ್ನು ಕೇಳಿದರು. ಕನ್ನಡಿಯೆದುರು ಅಭ್ಯಾಸ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ.

"ಇವರು ಹೇಳಿದ್ದು ಸತ್ಯ, ಸ್ವಾಮಿ. ನಾನು ವಿಜಯಾಳನ್ನು ಬಿಟ್ಟು ಹೋಗಿದ್ದೆ. ಆಮೇಲೆ ಇದ್ದೆ ಎಂದು ಬರೆದೆ. ನನ್ನ ಪುಸ್ತಕ ನಂಬಬೇಡಿ. ಅವರದನ್ನೂ ನಂಬಬೇಡಿ."

ಆಮೇಲೆ ಪೀಠದಲ್ಲಿದ್ದ ಹೆಣ್ಣುಮಗಳು, ಅಲ್ಲಿಯವರೆಗೆ ತಲೆಯೆತ್ತದೆ ಬರೆಯುತ್ತಿದ್ದವರು, ಸ್ಟೇಷನ್ ಡೈರಿಯ ಪ್ರತಿಯನ್ನೂ ಚಾರ್ಟನ್ನೂ ಪಕ್ಕಪಕ್ಕ ಇಟ್ಟು ಆ ವಕೀಲನನ್ನು ಕೇಳಿದರು.

"ನಾಲ್ಕೂವರೆಗೆ ಇವರು ಸ್ಟೇಷನ್ನಿನಲ್ಲಿ ಸಹಿ ಹಾಕುತ್ತಿದ್ದಾರೆ. ಅದೇ ನಾಲ್ಕೂವರೆಗೆ ನಿಮ್ಮ ನರ್ಸು ಇವರನ್ನು ಮಂಚದ ಪಕ್ಕದಲ್ಲಿ ಕಂಡಿದ್ದಾರೆ. ನಿಮ್ಮ ನರ್ಸು ಕಂಡದ್ದು ಯಾರನ್ನು?"

ಅವನು ಫೈಲು ತಿರುವಿದ. ಮತ್ತೆ ತಿರುವಿದ. ಕಕ್ಷಿದಾರರನ್ನು ಕೇಳಿ ಹೇಳುತ್ತೇನೆ ಎಂದ. ತೀರ್ಪು ಅಕ್ಟೋಬರ್ 12ಕ್ಕೆ. ಕುಣಿಯಬೇಕೆನ್ನಿಸುತ್ತಿದೆ, ವೇಟಿಂಗ್ ರೂಮಿನಲ್ಲಿ ಜನರಿದ್ದಾರೆ. ಅಮೃತ ಕಿಟಕಿಯ ಹತ್ತಿರ ಕೂತಿದ್ದಾಳೆ. ಚೆನ್ನಾಗಿ ವಾದಿಸಿದಿರಿ ಎಂದಳು, ಹಿಂದಿಯಲ್ಲಿ.

13 ಅಕ್ಟೋಬರ್

ಗೆದ್ದೆವು. ನಿನ್ನೆ ಮೇಲ್ಮನವಿ ವಜಾ ಆಯಿತು. ಸರ್ಜನ್ ನೌಕರನಿರಲಿ, ಹೊರಗಿನವನಿರಲಿ, ರೋಗಿಯನ್ನು ಒಳಗೆ ಸೇರಿಸಿಕೊಂಡ ಆಸ್ಪತ್ರೆಯೇ ಹೊಣೆ ಎಂದರು. ಚಾರ್ಟ್ ಆಮೇಲೆ ತಯಾರಿಸಿದ್ದು ಎಂದೂ ಬರೆದರು. ನನ್ನ ಜೇಬುಪುಸ್ತಕವನ್ನು ಪೂರ್ತಿ ಕೈಬಿಟ್ಟರು. ನನ್ನ ನಡತೆ ಖಂಡನೀಯ ಎಂದು ಒಂದು ಪ್ಯಾರಾ ಇದೆ, ಅದಕ್ಕಾಗಿ ದಾವೆಯ ಖರ್ಚು ಕೊಡಿಸಿಲ್ಲ. ನನಗೂ ಅದು ಸರಿಯೆನಿಸಿತು. ಹೊರಗೆ ಬಂದು ಬದರೀನಾರಾಯಣರಿಗೆ ಫೋನು ಮಾಡಿದೆ. ಆ ಕಡೆಯಿಂದ ಹರಹರ ಮಹಾದೇವ ಎಂದು ಕೂಗಿದ್ದು ಬೂತಿನವನಿಗೂ ಕೇಳಿಸಿತು.

ಬನಾರಸಿಗೆ ಮರಳುವ ವರುಣಾ ಎಕ್ಸ್‌ಪ್ರೆಸ್ಸಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಸಮೋಸ ತಿಂದೆವು. ನಾನು ವಾದದ ಮಾತು, ತೀರ್ಪಿನ ಮಾತು, ಆ ವಕೀಲನ ಮುಖ ಇಂಗು ತಿಂದ ಮಂಗನಂತಾದ ಮಾತು, ಒಂದೇ ಸಮನೆ ಆಡುತ್ತಿದ್ದೆ. ಅಮೃತ ಕೈ ಒರೆಸಿಕೊಂಡು ಕಾಗದ ಮಡಿಸಿಟ್ಟಳು.

"ಅಪ್ಪಾ," ಎಂದಳು. "ನೀವು ವಾಪಸ್ ಬಂದಾಗ ಅಮ್ಮ ಏನಂದ್ಲು?"

ಕನ್ನಡ. ಐವತ್ತನಾಲ್ಕು ದಿನದ ಮೇಲೆ.

ಮೂರೂವರೆ ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ವೇದಿಕೆ, ಆಯೋಗ, ವಕೀಲರು, ಎಲ್ಲರೂ ಬಿ.ಪಿ. ಎಷ್ಟು, ಗಂಟೆ ಎಷ್ಟು ಎಂದೇ ಕೇಳಿದರು. ಜೇಬುಪುಸ್ತಕದಲ್ಲೂ ಅದಕ್ಕೆ ಸಾಲಿರಲಿಲ್ಲ. ಹೇಳಿದೆ. ನಾನು ಮಂಚದ ಹತ್ತಿರ ಹೋದಾಗ ವಿಜಯಾ ಕಣ್ಣು ಬಿಟ್ಟಳು. ಕೀಲಿ ಕೊಟ್ಟು ಈಗ ಬಂದೆ ಎಂದು ಹೇಳಿ ಹೋಗಿದ್ದವನು ಒಂದು ತಾಸು ಮಾಡಿಕೊಂಡು ಬಂದಿದ್ದೆ. ನನ್ನ ಮುಖ ನೋಡಿದ ತಕ್ಷಣ ಅವಳಿಗೆ ಎಲ್ಲ ತಿಳಿಯಿತು.

"'ಗಾಡಿ ಹೋತೇನ್ರಿ?' ಅಂದ್ಲು," ಎಂದೆ. "ಹೋತು, ರೈಟ್ ಟೈಮ್ ಅಂದೆ. 'ಚಲೋ ಆತು ಬಿಡ್ರಿ' ಅಂದು ನನ್ನ ಕೈ ಹಿಡಕೊಂಡ್ಲು. ಅವಳ ಕೈ ಭಾಳ ತಣ್ಣಗಿತ್ತವ್ವ."

ಅಮೃತ ಮೊದಲು ನಕ್ಕಳು. ಅಮ್ಮ ಹಾಗೇ ಅಲ್ಲವಾ, ಖಂಡಿತ ಹಾಗೇ ಅಂದಿರುತ್ತಾಳೆ ಎಂದು ನಕ್ಕಳು. ನಗುತ್ತಲೇ ಅಳತೊಡಗಿದಳು. ನಾನೂ ಅತ್ತೆ. ಮಣ್ಣು ಮಾಡಿದ ದಿನವೂ ಅಳದವನು ಲಖನೌ ಸ್ಟೇಷನ್ನಿನಲ್ಲಿ ಕೂಲಿಗಳೆಲ್ಲ ನೋಡುವಂತೆ ಬಿಕ್ಕಿಬಿಕ್ಕಿ ಅತ್ತೆ. ಒಬ್ಬ ಹೆಂಗಸು ಬಂದು ಅಮೃತಳ ಕೈಗೆ ನೀರಿನ ಬಾಟಲಿ ಕೊಟ್ಟು ಹೋದಳು.

ತಲೆಯೆತ್ತಿ ನೋಡಿದಾಗ ಎದುರಿನ ಹಳಿ ಖಾಲಿ ಇತ್ತು. ನಮ್ಮ ಕಣ್ಣೆದುರೇ ವರುಣಾ ಬಂದು, ಜನ ಹತ್ತಿಸಿಕೊಂಡು, ಹೋಗಿಬಿಟ್ಟಿತ್ತು. ಇಬ್ಬರಿಗೂ ಗೊತ್ತಾಗಿರಲಿಲ್ಲ. ಸ್ಟೇಷನ್ ಮಾಸ್ತರರೇ ಎಂದು ಅಮೃತ ನನ್ನ ತೋಳಿಗೆ ಗುದ್ದಿದಳು.

ಮುಂದಿನ ಗಾಡಿ ಬರುವವರೆಗೆ ಅವಳು ಕೇಳುತ್ತಲೇ ಇದ್ದಳು. ಅಮ್ಮನಿಗೆ ತುಂಬ ನೋವಿತ್ತೇ, ನನ್ನ ಹೆಸರು ತೆಗೆದಳೇ, ನೀರು ಕೇಳಿದಳೇ, ನೀವು ಅಲ್ಲೇ ಇದ್ದಿದ್ದರೆ ಉಳಿಯುತ್ತಿದ್ದಳೇ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.